ಕ್ಷೌರಿಕನ ಹೆಬ್ಬೆರಳು

ಶಿಷ್ಯ ಕೇಳಿದ: "ಬುದ್ಧಿ, ಇನ್ನೂ ಕಠಿಣವಾದ ವ್ರತ ಒಂದನ್ನು ನನಗೆ ಕೊಡಬಾರದೆ?"

ಗುರುಗಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಯಾಕೆ ಎಂದರು. ಶಿಷ್ಯ ವಿವರಿಸಿದ. ಮನೆ ಬಿಟ್ಟು ಮಠಕ್ಕೆ ಬಂದು ಎಷ್ಟೋ ವರ್ಷವಾಯಿತು. ಅಂದಿನಿಂದ ಮನಸ್ಸನ್ನು ತಿಕ್ಕಿ ತಿಕ್ಕಿ ನಯ ಮಾಡಿದ್ದಾಯಿತು. ಈಗ ಹಸಿವು ಕಾಡುವುದಿಲ್ಲ. ಹೊಗಳಿದರೆ ಹಿಗ್ಗಿಲ್ಲ, ಬೈದರೆ ನೋವಿಲ್ಲ. ಒಳಗೆ ಏನೂ ಅಲುಗುವುದಿಲ್ಲ. ಆದರೂ ಬಯಸಿ ಬಂದ ಬೆಳಕು ಕಾಣುತ್ತಿಲ್ಲ. ಸಾಧನೆ ಸಾಲದೆಂದೇ ಇದರ ಅರ್ಥವಿರಬೇಕು. ಅಪ್ಪಣೆಯಾದರೆ ನಾಳೆಯಿಂದ ಮಾತನ್ನೂ ಬಿಡುತ್ತೇನೆ. ಇಷ್ಟು ದೂರ ಬಂದು ಬರಿಗೈಯಲ್ಲಿ ಸಾಯುವುದು ನನಗೆ ಬೇಡ ಎಂದ.

ಮಾತು ಬಿಡುವುದು ನಾಳೆಯಿಂದ ತಾನೆ, ಹಾಗಾದರೆ ಇವತ್ತು ಬಾಯಿ ಮುಚ್ಚಿಕೊಂಡು ಒಂದು ಕತೆ ಕೇಳು, ಅಭ್ಯಾಸವಾಗಲಿ ಎಂದರು ಗುರುಗಳು. ಕೈ ಹುರುಳಿಯಲ್ಲೇ ಇತ್ತು. ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕ್ಷೌರಿಕನಿದ್ದ. ವಯಸ್ಸಾಗಿ ಅವನ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಗಂಡುಮಕ್ಕಳಿರಲಿಲ್ಲ. ಮಗಳ ಗಂಡನನ್ನು ಕರೆತಂದು ಮನೆಯಳಿಯನಾಗಿ ಇಟ್ಟುಕೊಂಡ. ಅಳಿಯನೂ ಅದೇ ಕುಲದವನು. ಆದರೆ ಚಿಕ್ಕಂದಿನಲ್ಲೇ ತಂದೆ ಸತ್ತು, ಕಸುಬು ಕೈಗೆ ಹತ್ತದೆ, ಅಷ್ಟು ದಿನ ಕುರಿ ಕಾಯ್ದುಕೊಂಡಿದ್ದ. ಕುರಿ ಕಾಯುವವನಿಗೆ ಕತ್ತರಿ ಗೊತ್ತು, ಕ್ಷೌರದ ಕತ್ತಿ ಗೊತ್ತಿಲ್ಲ.

ಮಾವ ಅವನಿಗೆ ತನ್ನ ಪೆಟ್ಟಿಗೆಯನ್ನು ಒಪ್ಪಿಸಿದ. ಅದರಲ್ಲಿ ಒಂದು ಮಡಿಸುವ ಕತ್ತಿ, ಎರಡು ಮಸೆಗಲ್ಲು. ಒಂದು ಒರಟು ಕಲ್ಲು, ಬಾಯಿ ಹೋದ ಕತ್ತಿಯನ್ನು ದಾರಿಗೆ ತರುವುದಕ್ಕೆ. ಇನ್ನೊಂದು ನುಣುಪು ಕಲ್ಲು, ಕೊನೆಯ ಹರಿತ ಕೊಡುವುದಕ್ಕೆ. ಅದು ನೇರಳೆ ಹಣ್ಣಿನ ಬಣ್ಣದ್ದು. ಮಾವನ ಅಜ್ಜ ಯಾವುದೋ ಹಳ್ಳದಿಂದ ಎತ್ತಿ ತಂದದ್ದಂತೆ. ಬಿಸಿಲಿನಲ್ಲಿಟ್ಟರೂ ಅದು ಕಾಯುತ್ತಿರಲಿಲ್ಲ.

ಕತ್ತಿ ತನ್ನ ಭಾರಕ್ಕೆ ತಾನೇ ಕಲ್ಲಿನ ಮೇಲೆ ಸಾಗಬೇಕು, ಒತ್ತಬಾರದು ಎಂದು ಮಾವ ಹೇಳಿಕೊಟ್ಟ. ಆಗಾಗ ಹೆಬ್ಬೆರಳನ್ನು ಅಲಗಿಗೆ ಅಡ್ಡವಾಗಿ ಮುಟ್ಟಿಸಿ ನೋಡಬೇಕು, ಬೆರಳು ಸಾಕು ಅಂದ ಕೂಡಲೇ ನಿಲ್ಲಿಸಬೇಕು ಎಂದ. ಬೆರಳು ಹೇಗೆ ಹೇಳುತ್ತದೆ ಎಂದು ಅಳಿಯ ಕೇಳಿದ. ಜುಮ್ಮೆನ್ನುತ್ತದೆ, ಅಲಗು ಚರ್ಮವನ್ನು ಹಿಡಿದುಕೊಂಡ ಹಾಗಾಗುತ್ತದೆ ಎಂದು ಮಾವ ಹೇಳಿದ. ಹೊಸಬನಿಗೆ ಅಷ್ಟು ಸಾಕಾಗಿತ್ತು. ಆದರೆ ಹೊಸಬರಿಗೆ ಸಾಕಾಗಿದ್ದು ಸಾಕೆನಿಸುವುದಿಲ್ಲ, ಅದೇ ಅವರ ರೋಗ.

ಆ ಊರಿನಲ್ಲಿ ಒಬ್ಬ ವ್ಯಾಪಾರಿಗೆ ಹುಟ್ಟಿದ ಮಕ್ಕಳೆಲ್ಲ ಹೋಗಿ ಒಂದೇ ಕೂಸು ಉಳಿದಿತ್ತು. ಅದರ ಹುಟ್ಟುಗೂದಲು ತೆಗೆಸಿ ದೇವರಿಗೆ ಒಪ್ಪಿಸುವ ಜವಳಕ್ಕೆ ದಿನ ಗೊತ್ತಾಯಿತು. ಜವಳದಲ್ಲಿ ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಆಗ ಒಂದು ಹನಿ ರಕ್ತವೂ ಬರಕೂಡದು, ಬಂದರೆ ದೇವರು ಕೂದಲು ಬೇಡ ಕೂಸೇ ಬೇಕು ಎಂದಂತೆ ಎಂಬುದು ಆ ಕಡೆಯವರ ನಂಬಿಕೆ. ಕೂಸಿನ ತಾಯಿ ಮುದುಕನ ಮನೆಗೇ ಬಂದಳು. ನನ್ನ ಕೂಸು ನಿಮ್ಮ ಅಳಿಯನ ಕೈಯಲ್ಲಿದೆ ಎಂದಷ್ಟೇ ಹೇಳಿ ಹೋದಳು.

ಆ ಮಾತು ಅಳಿಯನ ಎದೆಯಲ್ಲಿ ಕೂತುಬಿಟ್ಟಿತು. ಪಾಪ, ಅವನಿಗೆ ನಿಜವಾಗಿಯೂ ಭಯವಾಯಿತು. ಕತ್ತಿ ಮೊಂಡಾದರೆ ಕೂದಲನ್ನು ಎಳೆಯುತ್ತದೆ, ಎಳೆದರೆ ಕೂಸು ಮಿಸುಕುತ್ತದೆ, ಮಿಸುಕಿದರೆ ರಕ್ತ. ಹರಿತವೊಂದೇ ತನ್ನನ್ನು ಕಾಯುವುದು ಎಂದುಕೊಂಡು ಜಗುಲಿಯ ಮೇಲೆ ಮಸೆಯಲು ಕೂತ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ.

ಒರಟು ಕಲ್ಲಿನ ಕೆಲಸ ಬೇಗ ಮುಗಿಯಿತು. ನುಣುಪು ಕಲ್ಲಿನದು ಹಾಗಲ್ಲ. ಅದು ಅಲಗಿಗೆ ಏನು ಕೊಟ್ಟಿತು ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಬೆರಳನ್ನೇ ಕೇಳಬೇಕು. ಕೇಳಿದ. ಬೆರಳು ಜುಮ್ಮೆಂದಿತು. ಅಲ್ಲಿ ಅವನು ನಿಲ್ಲಿಸಿದ್ದರೆ ನಾನೂ ಕತೆ ನಿಲ್ಲಿಸಿ ಹುರುಳಿ ನೆನೆಹಾಕುತ್ತಿದ್ದೆ. ಇಷ್ಟಕ್ಕೇ ಜುಮ್ಮೆಂದರೆ ಇನ್ನಷ್ಟು ಮಸೆದರೆ ಹೇಗಿದ್ದೀತು ಎಂದು ಅವನಿಗೆ ಆಸೆಯಾಯಿತು. ಕಲ್ಲಿಗೆ ನೀರು ಚಿಮುಕಿಸಿ ಮತ್ತೆ ಮಸೆದ. ಅಲಗು ಸಮವಾಗಿ ಕೂರಲೆಂದು ಹೆಬ್ಬೆರಳಿನಿಂದ ಅದುಮಿ ಹಿಡಿದ. ಕತ್ತಿಯ ಜೊತೆಗೆ ಬೆರಳಿನ ತುದಿಯೂ ಕಲ್ಲಿನ ಮೇಲೆ ಹೋಗಿ ಬಂದು ಮಾಡಿತು. ಚರ್ಮ ನೆನೆದಿತ್ತು, ಕಲ್ಲು ನುಣುಪಾಗಿತ್ತು. ಅವನಿಗೆ ಏನೂ ತಿಳಿಯಲಿಲ್ಲ.

ಕಲ್ಲಿನ ಮೇಲೆ ಗಂಧ ತೇಯ್ದಂಥ ಕೆಸರು ಎದ್ದಿತು. ಮೊದಲು ಬೂದಿಯ ಬಣ್ಣವಿತ್ತು, ಆಮೇಲೆ ಕೆಂಪಾಯಿತು. ಕಲ್ಲು ಬಣ್ಣ ಬಿಡುತ್ತಿದೆ, ಒಳಗಿನ ಸತ್ವ ಈಗ ಬಂತು ಎಂದು ಅಳಿಯ ಹಿಗ್ಗಿದ. ಜಗುಲಿಯಿಂದ ಕೆಳಗಿಳಿದ ನೀರನ್ನು ಬೀದಿಯ ನಾಯಿಯೊಂದು ಬಂದು ನೆಕ್ಕತೊಡಗಿತು. ಅದನ್ನು ಓಡಿಸಿ ಬೆರಳನ್ನು ಅಲಗಿಗೆ ಮುಟ್ಟಿಸಿದ. ಈ ಸಲ ಏನೂ ಅನ್ನಿಸಲಿಲ್ಲ. ಕತ್ತಿ ಮೊಂಡಾಗಿದೆ ಎಂದುಕೊಂಡು ಮತ್ತೆ ಕೂತ. ಅಲಗಿನ ಮೇಲೆ ಇಳಿಯಲು ಬಂದ ನೊಣ ಎರಡಾಗಿ ಬಿತ್ತು. ಅವನು ಅದನ್ನು ನೋಡಲಿಲ್ಲ, ಬೆರಳನ್ನೇ ಕೇಳುತ್ತಿದ್ದ. ಮಸೆದಷ್ಟೂ ಬೆರಳಿಗೆ ತಿಳಿಯುವುದು ಕಡಿಮೆಯಾಯಿತು, ತಿಳಿಯದಷ್ಟೂ ಅವನು ಮಸೆದ.

ಒಳಗೆ ಚಾಪೆಯ ಮೇಲೆ ಮಲಗಿದ್ದ ಮುದುಕ ಕಿವಿಗೊಟ್ಟಿದ್ದ.

"ಅಳಿಯಂದ್ರೇ, ಕಲ್ಲಿನ ಮೇಲೆ ಎರಡು ಸದ್ದು ಕೇಳ್ತದೆ. ಒಂದು ಕತ್ತೀದು. ಇನ್ನೊಂದು ಏನು ಮಸೀತಿದೀರಿ?"

"ಇರೋದು ಒಂದೇ ಕತ್ತಿ ಮಾವ."

ಒಮ್ಮೆ ಇಲ್ಲಿ ತನ್ನಿ, ನಾನೂ ಮುಟ್ಟಿ ನೋಡುತ್ತೇನೆ ಎಂದ ಮುದುಕ. ಇನ್ನೂ ಆಗಿಲ್ಲ, ಆದಮೇಲೆ ತರುತ್ತೇನೆ ಎಂದ ಅಳಿಯ. ಕಣ್ಣು ಹೋದ ಹಾಗೆ ಕಿವಿಯೂ ಹೋಯಿತೇನೋ ಎಂದು ಒಳಗೊಳಗೇ ನಕ್ಕ. ಆದರೆ ಒಲೆಯ ಮುಂದಿದ್ದ ಅವನ ಹೆಂಡತಿಗೂ ಅದು ಕೇಳಿಸಿತ್ತು. ಒಂದು ಸದ್ದು ಗೀರುವಂಥದು. ಇನ್ನೊಂದು ಮೆತ್ತಗಿನದು, ಒದ್ದೆ ಬಟ್ಟೆಯನ್ನು ನೆಲದ ಮೇಲೆ ಎಳೆದಂಥದು. ಹೊರಗೆ ಬಂದು ನೋಡಲು ಯಾಕೋ ಅವಳಿಗೆ ಧೈರ್ಯ ಬರಲಿಲ್ಲ.

ಅವನು ತನ್ನ ಬೆರಳನ್ನು ನೋಡಿಕೊಳ್ಳಲಿಲ್ಲವೆ ಎಂದು ಕೇಳುವುದಕ್ಕೆ ನಿನ್ನ ಬಾಯಿ ತುರಿಸುತ್ತಿದೆ. ನೋಡಿಕೊಂಡ. ಅದು ಕೆಂಪಗೆ ಹೊಳೆಯುತ್ತಿತ್ತು. ಕಲ್ಲಿನ ಬಣ್ಣ ಹತ್ತಿದೆ ಎಂದುಕೊಂಡ. ನೋವಿಲ್ಲದ್ದನ್ನು ಯಾರು ಗಾಯ ಅನ್ನುತ್ತಾರೆ?

ಜವಳದ ಬೆಳಿಗ್ಗೆ ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಳಿಯ ತಲೆ ನೆನೆಸಿ ಕತ್ತಿ ಇಟ್ಟ. ಕೂದಲು ತಾನಾಗಿ ಕಳಚಿದಂತೆ ಬಿತ್ತು. ಕತ್ತಿ ತಾಕಿದ್ದೇ ಕೂಸಿಗೆ ಗೊತ್ತಾಗಲಿಲ್ಲ. ಅದು ಅಳಲಿಲ್ಲ, ಮಿಸುಕಲಿಲ್ಲ. ಮುದುಕನ ಕಾಲದಲ್ಲೂ ಇಂಥ ಕೈ ಕಂಡಿರಲಿಲ್ಲ ಎಂದು ಹೆಂಗಸರು ತಲೆದೂಗಿದರು.

ಕ್ಷೌರಿಕರು ಕೂದಲು ತೆಗೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಎಲ್ಲಾದರೂ ಒರಟು ಉಳಿದಿದೆಯೋ ಎಂದು ನೋಡುತ್ತಾರೆ. ಅವನೂ ಸವರಿದ. ನಯವೋ ಒರಟೋ ತಿಳಿಯಲಿಲ್ಲ. ಇನ್ನೊಮ್ಮೆ ಕತ್ತಿ ಎಳೆದು ಸವರಿದ. ಆಗಲೂ ತಿಳಿಯಲಿಲ್ಲ. ಮತ್ತೆ ಎಳೆದ. ಅವನು ಕೈ ಅದ್ದುತ್ತಿದ್ದ ಪಕ್ಕದ ಬಟ್ಟಲಿನ ನೀರು ಕೆಂಪಾಯಿತು. ಆರತಿಗೆಂದು ಅರಿಸಿನ ಸುಣ್ಣ ಕದಡಿದ ಓಕುಳಿಯ ತಟ್ಟೆ ಅಲ್ಲೇ ಇತ್ತು. ಅದರ ಹನಿ ಬಿದ್ದಿರಬೇಕು ಎಂದು ಕೂತವರೆಲ್ಲ ಅಂದುಕೊಂಡರು.

ತಾಯಿ ಹಾಗೆ ಅಂದುಕೊಳ್ಳಲಿಲ್ಲ. ಸಾಕು ಎಂದಳು. ಇನ್ನೂ ನುಣುಪಾಗಿಲ್ಲ ಎಂದು ಅವನು ಕತ್ತಿ ಎತ್ತಿದ. ಅವಳು ಅವನ ಮಣಿಕಟ್ಟು ಹಿಡಿದು, ಚೊಂಬಿನಿಂದ ಕೂಸಿನ ತಲೆಗೆ ನೀರು ಹೊಯ್ದಳು. ಕೆಂಪು ಇಳಿಯಿತು. ಮತ್ತೆ ಹೊಯ್ದಳು, ಮತ್ತೆ ಕೆಂಪು ಇಳಿಯಿತು. ಅವನ ಇನ್ನೊಂದು ಕೈ ಕೂಸಿನ ತಲೆಯ ಮೇಲೇ ಇತ್ತು. ಇದು ಯಾರ ರಕ್ತ ಎಂದು ಅವಳು ಕೇಳಿದಳು. ಅವನು ಕೂಸಿನ ತಲೆ ನೋಡಿದ, ತನ್ನ ಕೈ ನೋಡಿದ. ಅವನಿಗೂ ನೋವಿಲ್ಲ, ಕೂಸೂ ಅಳುತ್ತಿಲ್ಲ. ಅದು ಅವನ ಮುಖ ನೋಡಿ ನಗುತ್ತಿತ್ತು.

"ಗೊತ್ತಾಗ್ತಿಲ್ಲ ತಾಯಿ. ಕತ್ತಿ ಇನ್ನೊಂದು ಸಲ ಮಸೆದು ತರ್ಲಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕೂಸು ಉಳಿಯಿತೇ ಎಂದು ಶಿಷ್ಯ ಕೇಳಿದ. ಉಳಿಯಿತು ಎಂದರು ಗುರುಗಳು. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ, ರಕ್ತವೆಲ್ಲ ಅವನದೇ. ಹೆಬ್ಬೆರಳಿನ ತುದಿ ಅರ್ಧದಷ್ಟು ಕಲ್ಲಿಗೇ ಹೋಗಿತ್ತು. ಗಾಯ ಮಾಯ್ದು ಹೊಸ ಚರ್ಮ ಬಂತು, ಆದರೆ ಅದಕ್ಕೆ ಬಿಸಿ ಯಾವುದು ತಣ್ಣನೆಯದು ಯಾವುದು ಗೊತ್ತಾಗಲಿಲ್ಲ. ಅವನು ಆಮೇಲೂ ಜಗುಲಿಯಲ್ಲಿ ಕೂತು ಮಸೆಯುತ್ತಲೇ ಇದ್ದನಂತೆ. ದಾರಿಯಲ್ಲಿ ಹೋಗುವವರು ಆ ಮನೆಯ ಮುಂದೆ ಬಂದಾಗ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರಂತೆ.

ಶಿಷ್ಯ ನಿಟ್ಟುಸಿರು ಬಿಟ್ಟ. "ಹೋದರೆ ಅವನ ಬೆರಳು ಹೋಯಿತು ಬುದ್ಧಿ. ಸದ್ಯ, ಇನ್ನೊಬ್ಬರಿಗೆ ಏನೂ ಆಗಲಿಲ್ಲವಲ್ಲ" ಎಂದ.

ಗುರುಗಳು ಮೊರವನ್ನು ಕೆಳಗಿಟ್ಟು ಅವನ ಮುಖ ನೋಡಿದರು.

"ನಿನ್ನೆ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದ ಮುದುಕಿಗೆ ನೀರು ಕೊಟ್ಟು ಕಳಿಸಿದೆಯಲ್ಲ, ಅವಳು ನಿನ್ನ ತಾಯಿ."