ಎಲ್ಲೆಗಲ್ಲು ದಾಟಿದ ನುಸಿ

ಹುಲ್ಲಿನಿಂದ ಕಾಲಿಗೆ ಹತ್ತಿ ಜ್ವರ ತರುವ ಕೆಂಪು ಹುಳಕ್ಕೆ ನಮ್ಮೂರಲ್ಲಿ ಏನೋ ಹೆಸರಿತ್ತು. ನೆನಪಾಗುತ್ತಿಲ್ಲ, ನುಸಿ ಎನ್ನೋಣ.

ನಮ್ಮ ಬೆಟ್ಟದ ನಡುವೆ ಒಂದು ಎಲ್ಲೆಗಲ್ಲು. ಅದರಿಂದ ಮೇಲಕ್ಕೆ ಚಳಿ, ನುಸಿ ಬದುಕದು. ಹಾಗಾಗಿ ಹುಲ್ಲು ಕೊಯ್ಯುವ ಹೆಂಗಸರು ಕಲ್ಲು ದಾಟಿದ ಮೇಲೆಯೇ ಬೆನ್ನಿನ ಮಗುವನ್ನು ನೆಲಕ್ಕೆ ಇಳಿಸುತ್ತಿದ್ದರು.

ಒಂದು ದಿನ ಬೆಳ್ಳವ್ವ ಹಾಗೆಯೇ ಮಗುವನ್ನು ಮಲಗಿಸಿ ಹೋದಳು. ಪಕ್ಕದ ಹುಲ್ಲಿನಲ್ಲಿ ನುಸಿಯನ್ನು ಕಂಡು ಕಲ್ಲು ಕೇಳಿತು:

“ನನ್ನನ್ನು ಹೇಗೆ ದಾಟಿದೆ?”

“ಮೊದಲು ನಿನ್ನನ್ನು ಬಿಟ್ಟದ್ದು ಚಳಿ, ಕಲ್ಲಪ್ಪ. ಅದು ಮೇಲಕ್ಕೆ ಹೋಯಿತು, ನಾನು ಹಿಂದೆಯೇ ಬಂದೆ. ನಿನಗೆ ಯಾರೂ ಹೇಳಲಿಲ್ಲವೇ?”

ಕಲ್ಲು ಬೆಳ್ಳವ್ವನನ್ನು ಕೂಗಿತು. ಅವಳಿಗೆ ಕೇಳಿಸಲಿಲ್ಲ. ಕಲ್ಲು ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಹಾಡುತ್ತ ಹುಲ್ಲು ಕೊಯ್ಯುತ್ತಿದ್ದಳು.

ಕಥೆ ಕೇಳಿದೆಯಲ್ಲ ವಾರಿಜಾ, ಇನ್ನು ಈ ಅಜ್ಜಿಗಾಗಿ ನಮ್ಮೂರಿಗೊಂದು ಕಾಗದ ಬರೆ ಮಗಳೇ: ಕಲ್ಲು ದಾಟಿದರೂ ಮಗುವನ್ನು ಇಳಿಸಬೇಡಿ.