ಬಾಯಿ ಮುಚ್ಚದ ಶಾಫ್ಟು

ತಪ್ಪು ಮಾಡಿದವನು ಫಕೀರಪ್ಪ. ಬೈಕಿನ ಹಿಂದಿನ ಚಕ್ರ ತಿರುಗಿಸುವ ಶಾಫ್ಟು ಸವೆದು ಕಟಕಟ ಎಂದಾಗ ರಿಪೇರಿ ಮಾಡಿಸಲಿಲ್ಲ. ಆ ಸದ್ದು ಮುಳುಗಿಹೋಗುವಂತೆ ಅಬ್ಬರದ ಸೈಲೆನ್ಸರ್ ಹಾಕಿಸಿದ.

"ಇನ್ನು ನಿನ್ನ ಗೋಳು ಯಾರಿಗೂ ಕೇಳಿಸದು," ಎಂದು ಸೈಲೆನ್ಸರ್ ಹಂಗಿಸಿತು.

"ನಾನು ಮುರಿದರೆ ಓಡುವ ಚಕ್ರ ಹಠಾತ್ತನೆ ಬಿಗಿದುಕೊಂಡು ಗಾಡಿ ಉರುಳುತ್ತದೆ. ಹಿಂದೆ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಕೂತಿದ್ದಾಳೆ. ಅವನ ಕಿವಿಗೆ ಕೇಳಿಸದಿದ್ದರೆ ಅವಳ ಕಾಲಿಗೆ ಮುಟ್ಟಿಸುತ್ತೇನೆ," ಎಂದ ಶಾಫ್ಟು ಫುಟ್‌ರೆಸ್ಟನ್ನೇ ಗಡಗಡ ನಡುಗಿಸಿತು.

"ಗಾಡಿ ನಿಲ್ಲಸ್ರಿ! ಅಂಗಾಲು ನಡಗಾಕತ್ತಾವ," ಎಂದಳು ಹೆಂಡತಿ ಹನುಮವ್ವ.

ಫಕೀರಪ್ಪ ನಿಲ್ಲಿಸಿ ಗದರಿದ: "ಏನೂ ಆಗಿಲ್ಲ, ಸುಮ್ನ ಕುಂದ್ರ."

"ಬಿಚ್ಚಿಸಿ ನೋಡೂತನಕ ನಾ ಹತ್ತಂಗಿಲ್ಲ," ಎಂದು ಅವಳು ಇಳಿದುಬಿಟ್ಟಳು.

ಫಕೀರಪ್ಪ ಗ್ಯಾರೇಜಿನವರೆಗೂ ಗಾಡಿ ತಳ್ಳಿದ.

ಓದುವವರೇ, ಎಚ್ಚರಿಸುವವರ ಬಾಯಿ ಮುಚ್ಚಿಸಬೇಡಿ. ನಿಮ್ಮ ಗಾಡಿಯೂ ನಡುಗುತ್ತಿದೆಯೇ? ಇಳಿಯಿರಿ, ಇವತ್ತೇ ಬಿಚ್ಚಿಸಿ ನೋಡಿ.