ದೆಯ್ಯಕ್ಕನ ಗಡಂಗಿನಲ್ಲಿ ಎಲ್ಲರೂ ಈರ್

ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವಲ್ಲಿ, ತೆಂಕಕೋಡಿ ಅಂತ ಒಂದೂರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ ಮಕ್ಕಳೇ. ಇಸವಿ ಬೇಕಾದವರು ಶಾಲೆಗೆ ಹೋಗಿ, ಕತೆ ಬೇಕಾದವರು ಇಲ್ಲಿ ಕೂರಿ. ಆ ಊರಿನ ಮರಳ ದಿಬ್ಬದ ಮೇಲೆ ದೆಯ್ಯು ಪೂಜಾರ್ತಿ ಅಂತ ಒಬ್ಬ ಹೆಂಗಸಿನ ಗಡಂಗು ಇತ್ತಂತೆ. ಗಡಂಗು ಅಂದರೆ ಶೇಂದಿ ಅಂಗಡಿ. ಹೆಣೆದ ತೆಂಗಿನ ಮಡಲಿನ ಗೋಡೆ, ಒಡೆದ ದೋಣಿಯ ಹಲಗೆಯ ಬೆಂಚು, ಕುಡಿಯಲಿಕ್ಕೆ ತೆಂಗಿನ ಚಿಪ್ಪಿನ ಗೆರಟೆ, ನಂಚಿಕೊಳ್ಳಲಿಕ್ಕೆ ಮರುವಾಯಿ ಅನ್ನುವ ಚಿಪ್ಪುಮೀನಿನ ಸುಕ್ಕ. ಊರೆಲ್ಲ ಅವಳನ್ನು ದೆಯ್ಯಕ್ಕ ಅನ್ನುತ್ತಿತ್ತಂತೆ.

ಒಂದು ಸಲ ಅಳಿವೆಯ ಹೂಳಿನಲ್ಲಿ ಒಂದು ಹಡಗು ಕೂತುಬಿಟ್ಟಿತಂತೆ. ಅದರಿಂದ ಇಳಿದು ಬಂದವನೊಬ್ಬ ಸೊಂಟದವರೆಗೆ ಜಡೆಗಟ್ಟಿದ ಕೂದಲಿನ ಕಪ್ಪು ನಾವಿಕ. ನಮ್ಮವರು ಬೈರಾಗಿ ಅಂತ ತಿಳಿದು ಕಾಲಿಗೆ ಬಿದ್ದರಂತೆ. ಅವನೂ ತಿರುಗಿ ಅವರ ಕಾಲಿಗೆ ಬಿದ್ದನಂತೆ. ಇಲ್ಲಿಯ ಪದ್ಧತಿ ಹಾಗೇ ಇರಬೇಕು ಅಂದುಕೊಂಡಿರಬೇಕು ಪಾಪ. ಹಡಗು ಮೇಲೇಳುವವರೆಗೆ ಹದಿನೈದು ದಿನ ಅವನು ದೆಯ್ಯಕ್ಕನ ಬೆಂಚು ಬಿಟ್ಟು ಏಳಲಿಲ್ಲ. ಹೊರಡುವಾಗ ಒಂದು ಹಾಡಿನ ಪೆಟ್ಟಿಗೆಯನ್ನೂ ಅದರ ಮೇಲೆ ತಿರುಗುವ ಒಂದೇ ಒಂದು ಪ್ಲೇಟನ್ನೂ ಅವಳ ಕೈಯಲ್ಲಿಟ್ಟು ಹೋದನಂತೆ.

ಆ ಹಾಡೋ, ವಿಚಿತ್ರದ ಹಾಡು. ಬೇರೆ ಹಾಡು ಕಾಲು ಊರುವಲ್ಲಿ ಇದು ಸುಮ್ಮನಿರುತ್ತದೆ, ಕಾಲು ಎತ್ತುವಲ್ಲಿ ಟಕ್ ಅನ್ನುತ್ತದೆ. ಈಗಿನವರು ಅದಕ್ಕೆ ರೆಗೆ ಅನ್ನುತ್ತಾರೆ, ನಮ್ಮವರು ತೊಟ್ಟಿಲ ಹಾಡು ಅಂದರು. ಕೇಳಿದವನ ಕುತ್ತಿಗೆ ತನ್ನಷ್ಟಕ್ಕೆ ತೂಗುತ್ತಿತ್ತಂತೆ, ಮನೆಯಲ್ಲಿ ಬೈಸಿಕೊಂಡದ್ದು ಮರೆಯುತ್ತಿತ್ತಂತೆ. ಸೆಲ್ಲು ಬಡವಾದರೆ ದೆಯ್ಯಕ್ಕ ಅದನ್ನು ಮಾಡಿನ ಹಂಚಿನ ಮೇಲೆ ಬಿಸಿಲಿಗಿಡುತ್ತಿದ್ದಳು. ಆಗ ಹಾಡು ಇನ್ನೂ ನಿಧಾನ. ಯಾರಿಗೂ ಅವಸರ ಇರಲಿಲ್ಲ.

ಮಾತು ಯಾರಿಗೂ ತಿಳಿಯದು. ಆದರೆ ನಡುನಡುವೆ ಆ ಹಾಡುಗಾರ 'ಈರೀ...' ಅಂತ ಎಳೆಯುತ್ತಿದ್ದ. ಅಷ್ಟು ಸಾಕಾಯಿತು ನಮ್ಮವರಿಗೆ! ನಮ್ಮ ತುಳುವಿನಲ್ಲಿ 'ಈ' ಅಂದರೆ ನೀನು, 'ಈರ್' ಅಂದರೆ ನೀವು. ಎಲ್ಲಿಯೋ ಕಡಲಾಚೆಯ ಮನುಷ್ಯ, ಮುಖ ನೋಡಿದ್ದಿಲ್ಲ, ಜಾತಿ ಕೇಳಿದ್ದಿಲ್ಲ, ನಮ್ಮನ್ನು ನೀವು ಅನ್ನುತ್ತಾನಲ್ಲ ಅಂತ ದೆಯ್ಯಕ್ಕನ ಕಣ್ಣು ತುಂಬಿತಂತೆ. ಅವಳು ಅವತ್ತೇ ಕಟ್ಟಳೆ ಮಾಡಿದಳು: ಈ ಮಾಡಿನ ಕೆಳಗೆ ಯಾರೂ ಯಾರನ್ನೂ 'ಈ' ಅನ್ನಬಾರದು, ಎಲ್ಲರೂ ಈರ್.

ಮೊದಲು ನಗೆಯೋ ನಗೆ. ದೋಣಿಯಲ್ಲಿ ಒಬ್ಬರಿಗೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡವರು ಇಲ್ಲಿ ಬಂದು ಮದುವೆಯ ಬೀಗರ ಹಾಗೆ ಮಾತಾಡಬೇಕು. ಹಂಚಿನ ಕಾರ್ಖಾನೆಯ ಲಾದ್ರು ತನ್ನ ಸ್ವಂತ ತಮ್ಮನಿಗೆ ನೀವು ಅನ್ನಲಾರದೆ ಮೂರು ದಿನ ಮೂಕನಾಗಿದ್ದನಂತೆ. ಶೇಂದಿ ಮುಟ್ಟದ ಮೋನು ಬ್ಯಾರಿ ಸಹ ಮೀನಿನ ಸೈಕಲ್ಲು ಒರಗಿಸಿ, ಮಜ್ಜಿಗೆ ಕುಡಿದು, ನಾಲ್ಕು ಸಲ ಈರ್ ಅನ್ನಿಸಿಕೊಂಡೇ ಹೋಗುತ್ತಿದ್ದನಂತೆ. ಕ್ರಮೇಣ ನಗೆ ನಿಂತಿತು, ಅಭ್ಯಾಸ ಉಳಿಯಿತು.

ಅಲ್ಲಿಗೆ ದಿನಾ ಬರುವವರಲ್ಲಿ ಅಂಗಾರ ಅಂತ ಒಬ್ಬ. ದೋಣಿಯಿಂದ ಮೀನಿನ ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಭುಜಕ್ಕಿಳಿದಿತ್ತು. ಅರುವತ್ತು ದಾಟಿದವ, ಆದರೂ ಹಾಲುಹಲ್ಲು ಬೀಳದ ಮಕ್ಕಳು ಕೂಡ ಅವನನ್ನು 'ಈ' ಅನ್ನುತ್ತಿದ್ದವು. ಗಡಂಗಿನಲ್ಲಿ ಮೊದಲ ಸಲ ದೆಯ್ಯಕ್ಕ ಗೆರಟೆ ಚಾಚಿ 'ಈರ್' ಅಂದಾಗ ಅವನು ಹಿಂದೆ ತಿರುಗಿ ನೋಡಿದನಂತೆ, ಬೇರೆ ಯಾರೋ ಬಂದರು ಅಂತ.

ಸುದ್ದಿ ಗುತ್ತಿನ ಮನೆಗೆ ಮುಟ್ಟಿತು. ಗುತ್ತು ಅಂದರೆ ಊರಿನ ದೊಡ್ಡಮನೆ. ಗಡಂಗಿಗೆ ಶೇಂದಿ ಇಳಿಸುವ ತೆಂಗಿನ ಮರಗಳೆಲ್ಲ ಅವರವು. ಯಜಮಾನ ದೇರಣ್ಣ ಶೆಟ್ಟರು ತಾವೇ ಬಂದರಂತೆ. ನನ್ನನ್ನು ಕರೆಯುವ ಮಾತಿನಲ್ಲೇ ಬುಟ್ಟಿ ಹೊರುವವನನ್ನೂ ಕರೆದರೆ ನನಗೆ ಉಳಿದದ್ದೇನು ಅಂತ ಕೇಳಿದರಂತೆ. ದೆಯ್ಯಕ್ಕ, ನನ್ನದೇನಿಲ್ಲ ಧಣಿಗಳೇ, ಪೆಟ್ಟಿಗೆ ಹೇಳುವುದು ಅಂದಳು. ಹಾಗಾದರೆ ಶೇಂದಿಯೂ ಪೆಟ್ಟಿಗೆಯೇ ಕೊಡಲಿ, ಆ ಅಂಗಾರನನ್ನು ಮೊದಲಿನ ಹಾಗೆ ಕರೆಯುವವರೆಗೆ ಮರಕ್ಕೆ ಯಾರೂ ಹತ್ತುವುದು ಬೇಡ ಅಂತ ಹೇಳಿ ಶೆಟ್ಟರು ಹೋದರು.

ಅಂಗಾರ ಮೂಲೆಯಿಂದ ಎದ್ದು ಬಂದನಂತೆ. "ಅಕ್ಕ, ನನ್ನನ್ನು 'ಈ' ಅಂತಲೇ ಕರೆಯಿರಿ. ಅರುವತ್ತು ವರ್ಷ ಕೇಳಿದ ಕಿವಿ, ಇದಕ್ಕೆ ನೋವಾಗುವುದಿಲ್ಲ."

"ನಿಮ್ಮ ಕಿವಿಗೆ ಆಗಲಿಕ್ಕಿಲ್ಲ ಅಂಗಾರಣ್ಣ. ನನ್ನ ನಾಲಿಗೆಗೆ ಆಗುತ್ತದೆ," ಅಂದಳಂತೆ ದೆಯ್ಯಕ್ಕ.

ಮಾರನೆಯ ದಿನ ಶೇಂದಿ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಇನ್ನು ಬಾಗಿಲು ಹಾಕುವುದೇ ಅಂತ ಅವಳು ಒಲೆ ಆರಿಸಿ ಕೂತಿದ್ದಳು. ಸಂಜೆಯಾದಾಗ ಒಬ್ಬ ಬಂದ, ಇನ್ನೊಬ್ಬ ಬಂದ, ಎಲ್ಲರೂ ಬಂದರು. ಗೆರಟೆಗೆ ಬಾವಿಯ ನೀರು ಹಾಕಿಸಿಕೊಂಡು, ಹಾಡಿಗೆ ತಲೆ ತೂಗುತ್ತಾ ಕೂತರಂತೆ. ಇಡೀ ಮಳೆಗಾಲ ಹಾಗೆಯೇ ಹೋಯಿತಂತೆ. ನೀರು ಕುಡಿದೇ ಒಬ್ಬಿಬ್ಬರು ಓಲಾಡುತ್ತಾ ಮನೆಗೆ ಹೋದರು ಅಂತಲೂ ಹೇಳುತ್ತಾರೆ; ಅದನ್ನು ಹೇಳುವವರು ಅವರ ಹೆಂಡಂದಿರು. ಮನೆಯಲ್ಲಿ ಉಳಿದ ಮರುವಾಯಿಯೋ ಹುರಿದ ಬೂತಾಯಿ ಮೀನೋ ಒಬ್ಬೊಬ್ಬರೂ ತಂದು ಹಂಚುತ್ತಿದ್ದರು, ದೆಯ್ಯಕ್ಕನ ಹೊಟ್ಟೆಯೂ ಅದರಲ್ಲೇ ನಡೆಯಿತು.

ಆ ಮಳೆಗಾಲದ ಕೊನೆಯಲ್ಲಿ ಅಂಗಾರನ ಮಗನಿಗೆ ಹೆಣ್ಣು ಮಗು ಹುಟ್ಟಿತು. ಅಂಗಾರ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಡಂಗಿಗೆ ಎತ್ತಿಕೊಂಡು ಬಂದನಂತೆ.

"ಅಕ್ಕ, ಆ ಒಂದು ಮಾತು ಕೇಳುವಾಗ ನಾನು ಮುದುಕನಾಗಿದ್ದೆ. ಇದು ಅಷ್ಟು ಕಾಯುವುದು ಬೇಡ. ಬೇರೆ ಯಾರಾದರೂ ಇದನ್ನು ಏನಾದರೂ ಕರೆಯುವ ಮೊದಲು ನೀವೊಮ್ಮೆ ಹೇಳಿಬಿಡಿ."

ದೆಯ್ಯಕ್ಕ ಕೈ ತೊಳೆದು ಬಂದಳಂತೆ. ಮಗುವಿನ ಕಿವಿಯ ಹತ್ತಿರ ಬಗ್ಗಿ, 'ಈರ್' ಅಂದಳಂತೆ.

ಶೆಟ್ಟರು ಆಗ ಹೊರಗೆ ಮಡಲಿನ ಗೋಡೆಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರಂತೆ. ಶೇಂದಿ ಇಲ್ಲದ ಗಡಂಗಿಗೆ ಜನ ಯಾಕೆ ಹೋಗುತ್ತಾರೆ ಅಂತ ನೋಡಲಿಕ್ಕೆ ಬಂದದ್ದು. ಅಂಗಾರನೇ ಅವರನ್ನು ಕಂಡು, ಬೆಂಚಿನಲ್ಲಿ ಸರಿದು ಜಾಗ ಮಾಡಿ, ಈರ್ ಕೂರಿ ಅಂದನಂತೆ. ಕೆಲವರು ಹೇಳುತ್ತಾರೆ, ಶೆಟ್ಟರು ಗಳಗಳ ಅತ್ತರು ಅಂತ. ನಾನು ನಂಬುವುದಿಲ್ಲ. ಆ ಮನೆಯವರು ಸಾವಿನಲ್ಲೂ ಅಳುವವರಲ್ಲ. ಆದರೆ ಕೂತದ್ದು ನಿಜವಂತೆ. ಬಾವಿಯ ನೀರು ಕುಡಿದು, ಹಾಡು ಮುಗಿಯುವವರೆಗೆ ಕೂತು, ಆಮೇಲೆ ಎದ್ದು ಹೋದರಂತೆ. ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ನೋಡುವಾಗ, ಶೇಂದಿ ಇಳಿಸುವವರು ಮರದ ಮೇಲಿದ್ದರು.

ಮರುವರ್ಷ ಗುತ್ತಿನ ಮನೆಯ ಸೊಸೆ ಅದರ ಕಿವಿಗೂ ಆ ಮಾತು ಬೀಳಲಿ ಅಂತ ತನ್ನ ಕೂಸನ್ನು ಎತ್ತಿಕೊಂಡು ದಿಬ್ಬ ಹತ್ತಿ ಬಂದಳಂತೆ. ದೆಯ್ಯಕ್ಕ ಆ ದಿನ ಕೈ ಕಟ್ಟಿ ಹಿಂದೆ ನಿಂತಳಂತೆ, ಇದು ನನ್ನ ಕೆಲಸವಲ್ಲ, ಅಂಗಾರಣ್ಣನದು ಅಂದಳಂತೆ.

ಈಗ ಗಡಂಗು ಇಲ್ಲ, ಪ್ಲೇಟು ಸವೆದುಹೋಗಿ ಎಷ್ಟು ಕಾಲವಾಯಿತೋ. ಹಾಡುಗಾರ ಹೇಳಿದ್ದು ಈರ್ ಅಲ್ಲವೇ ಅಲ್ಲ, ಬೇರೆಯೇ ಒಂದು ಮಾತು ಅಂತ ಓದಿದವರು ಬಂದು ಹೇಳಿದ್ದೂ ಆಯಿತು. ಇರಲಿ ಬಿಡಿ, ನಮಗೆ ಕೇಳಿಸಿದ್ದು ನಮಗೆ. ತೆಂಕಕೋಡಿಯಲ್ಲಿ ಮಗು ಹುಟ್ಟಿದರೆ ಈಗಲೂ ಆ ಮರಳ ದಿಬ್ಬಕ್ಕೆ ಎತ್ತಿಕೊಂಡು ಹೋಗುತ್ತಾರೆ. ಗುತ್ತಿನ ಮನೆಯದಾದರೂ ಸರಿ, ಮೀನುಗಾರರದಾದರೂ ಸರಿ, ಅಂಗಾರನ ಮನೆಯಿಂದ ಯಾರಾದರೂ ಬಂದು ಕಿವಿಯಲ್ಲಿ 'ಈರ್' ಅನ್ನಬೇಕು. ಅವರು ಬರುವವರೆಗೆ ಮಗುವಿಗೆ ಯಾರೂ ಹೆಸರಿಡುವುದಿಲ್ಲ.